ಕಲ್ಲಿನ ಕಾಲನಿರ್ಣಯ

ಹಳಗನ್ನಡದ ಓಲೆಪ್ರತಿಗಳ ನಡುವೆ ವೃತ್ತಿಜೀವನ ಕಳೆದವನು ಕಲ್ಲುಗಳ ವಿಷಯ ಮಾತನಾಡುವುದು ಅಧಿಕಪ್ರಸಂಗವೆನಿಸಬಹುದು. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ನಾನೇ ಮಾಡಿದ ಒಂದು ತಪ್ಪು. ಬಹಳ ಹಿಂದೆ ಒಂದು ಕಾವ್ಯವನ್ನು ಪರಿಷ್ಕರಿಸುವಾಗ, ಎರಡು ಪ್ರತಿಗಳ ಬರವಣಿಗೆ ಒಂದೇ ರೀತಿಯಾಗಿದ್ದುದರಿಂದ ಅವು ಒಂದೇ ಮೂಲದವೆಂದು ನಂಬಿದೆ. ಪಾಠಾಂತರಗಳನ್ನು ಸಾಲುಸಾಲಾಗಿ ಹೋಲಿಸಿ ನೋಡಿದಾಗ ಎರಡೂ ಬೇರೆ ಬೇರೆ ಪರಂಪರೆಯವೆಂದು ತಿಳಿಯಿತು. ಅಷ್ಟರಲ್ಲಿ ಕೆಲವು ಫಾರಮುಗಳು ಅಚ್ಚಾಗಿ ಹೋಗಿದ್ದವು.

ಭೂವಿಜ್ಞಾನಿಗೂ ಇದೇ ಸಂಕಟ. ನೀರಿನಡಿಯಲ್ಲಿ ಮರಳು, ಕೆಸರು, ಸುಣ್ಣ ಪದರಪದರವಾಗಿ ಇಳಿದು ಗಟ್ಟಿಯಾದದ್ದೇ ಜಲಜಶಿಲೆ. ಪದರಗಳು ಬುಡಮೇಲಾಗದಿದ್ದರೆ ಕೆಳಗಿನದು ಹಿರಿದು, ಮೇಲಿನದು ಕಿರಿದು. ಒಂದೇ ಗುಡ್ಡದಲ್ಲಿ ಇದನ್ನು ಓದುವುದು ಕಷ್ಟವಲ್ಲ. ಆದರೆ ನಡುವೆ ಕಣಿವೆಯೋ ಹೊಲವೋ ಊರೋ ಬಂದು, ಆಚೆ ಹಲವು ಮೈಲಿಗಳ ಮೇಲೆ ಅಂಥದೇ ಕಲ್ಲು ತಲೆಯೆತ್ತಿದರೆ? ಅದು ಇದೇ ಪದರದ ಮುಂದುವರಿಕೆಯೋ, ರೂಪಸಾಮ್ಯ ಮಾತ್ರವೋ? ಒಂದೇ ಕಾಲದಲ್ಲಿ ದಡದ ಬಳಿ ಮರಳೂ ಆಳದಲ್ಲಿ ಕೆಸರೂ ಇಳಿಯುತ್ತವೆ. ಅದೇ ಬಗೆಯ ಕೆಸರು ಕೋಟ್ಯಂತರ ವರ್ಷಗಳ ಅಂತರದಲ್ಲಿ ಮತ್ತೆಯೂ ಇಳಿಯುತ್ತದೆ. ಬಣ್ಣವನ್ನು ನಂಬಿದವನು ಕೆಟ್ಟ.

ಈ ಗಂಟನ್ನು ಬಿಡಿಸಿದವರಲ್ಲಿ ಮುಖ್ಯನು ವಿಲಿಯಂ ಸ್ಮಿತ್. 1769ರಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದ ಈತ ಸಾಮರ್‌ಸೆಟ್ ಪ್ರಾಂತದಲ್ಲಿ ಕಲ್ಲಿದ್ದಲ ಸಾಗಣೆಗಾಗಿ ತೋಡುತ್ತಿದ್ದ ಕಾಲುವೆಯ ಮೋಜಣಿದಾರ. ಅಗೆದ ನೆಲದಲ್ಲಿ ಆತ ಕಂಡದ್ದಿಷ್ಟು: ಒಂದು ಜೇಡಿಗೂ ಇನ್ನೊಂದು ಜೇಡಿಗೂ ನೋಟದಲ್ಲಿ ಭೇದವಿಲ್ಲದಿದ್ದರೂ ಒಳಗೆ ಹುದುಗಿದ ಚಿಪ್ಪುಗಳು ಬೇರೆ, ಆ ಚಿಪ್ಪುಗಳ ಅನುಕ್ರಮ ಮಾತ್ರ ಎಲ್ಲಿ ಹೋದರೂ ತಪ್ಪುವುದಿಲ್ಲ.

ಬಾತ್ ನಗರದ ಬಳಿ ರಿಚರ್ಡ್‌ಸನ್ ಎಂಬ ಪಾದ್ರಿಯ ಹತ್ತಿರ ಪಳೆಯುಳಿಕೆಗಳ ಸಂಗ್ರಹವಿತ್ತು. ಸ್ಮಿತ್ ಅವನ್ನು ನೋಡಿ, ಯಾವ ಚಿಪ್ಪು ಯಾವ ಪದರದ್ದೆಂದು ಹೇಳಿ, ಪದರಗಳ ಅನುಕ್ರಮದಲ್ಲಿ ಜೋಡಿಸಿಟ್ಟನಂತೆ. ಸಂಗ್ರಹಿಸಿದವನಿಗೇ ತಿಳಿಯದಿದ್ದ ಮಾತು! ಟೌನ್‌ಸೆಂಡ್ ಎಂಬ ಇನ್ನೊಬ್ಬ ಪಾದ್ರಿಗೂ ಕುತೂಹಲವಾಯಿತು. ಬಾತಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ ಡಂಡ್ರಿ ಎಂಬ ಒಂಟಿಗುಡ್ಡವಿದೆ. ಅದರ ನೆತ್ತಿಯ ಸುಣ್ಣಕಲ್ಲು ಬಾತಿನ ಸುತ್ತಲಿನ ಇಂಥ ಪದರವೇ ಎಂದು ಸ್ಮಿತ್ ಹೇಳಿದ್ದ. ಮೂವರೂ ಹೋಗಿ ನೋಡಿದರು. ಕಲ್ಲೊಳಗಿನ ಚಿಪ್ಪುಗಳು ಅವನ ಮಾತನ್ನು ಸಮರ್ಥಿಸಿದವು. 1799ರಲ್ಲಿ ಆತ ಹೇಳುತ್ತ ಹೋದಂತೆ ಪದರಗಳ ಪಟ್ಟಿಯೊಂದು ಬರಹಕ್ಕಿಳಿಯಿತು. 1815ರಲ್ಲಿ ಅವನ ಮಹಾಭೂಪಟ ಹೊರಬಂತು. 1819ರಲ್ಲಿ ಸಾಲಕ್ಕಾಗಿ ಸೆರೆಮನೆ; 1831ರಲ್ಲಿ ವೊಲಾಸ್ಟನ್ ಪದಕ. ವಿದ್ವತ್ತಿಗೆ ಮನ್ನಣೆ ತಡವಾಗಿ ಬರುವುದು ನಮ್ಮ ದೇಶದ ವಿಶೇಷವೇನೂ ಅಲ್ಲ.

ಈ ಕಥೆಯನ್ನು ಓದಿಕೊಂಡು ಬಾದಾಮಿಗೆ ಹೋದಾಗ, ಅಲ್ಲಿನ ಕೆಂಪು ಬಂಡೆಗಳಲ್ಲೂ ಚಿಪ್ಪು ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಆ ಮರಳುಗಲ್ಲು ಚಿಪ್ಪಿನ ಪ್ರಾಣಿಗಳೇ ಹುಟ್ಟುವ ಮೊದಲಿನದೆಂದು ಆಮೇಲೆ ತಿಳಿಯಿತು. ಹಾಗಾದರೆ ಇದನ್ನು ಶಹಾಬಾದಿನ ಹಾಸುಗಲ್ಲಿನೊಡನೆ, ಕಡಪ ಕರ್ನೂಲಿನ ಪದರಗಳೊಡನೆ ಹೊಂದಿಸುವುದು ಹೇಗೆ? ವಿದ್ವಾಂಸರಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. ಮರಳಿನೊಳಗಿನ ಜಿರ್ಕಾನ್ ಎಂಬ ಖನಿಜದ ಕಣಗಳ ವಯಸ್ಸನ್ನು ಅಳೆಯುವುದು ಒಂದು ದಾರಿ. ಆದರೆ ಆ ಕಣಗಳು ಹಳೆಯ ಬಂಡೆಗಳು ಸವೆದು ಬಂದವು. ಪದರವು ತನ್ನೊಳಗಿನ ಅತ್ಯಂತ ಕಿರಿಯ ಕಣಕ್ಕಿಂತ ಹಳೆಯದಾಗಿರಲಾರದು ಎಂದಷ್ಟೇ ಅವು ಹೇಳಬಲ್ಲವು.

ಇದನ್ನು ಕೇಳಿದಾಗ ನನಗೆ ನಗು ಬಂತು. ನಮ್ಮ ಕವಿಗಳ ಕಾಲವನ್ನು ನಾವು ಗೊತ್ತುಮಾಡಿದ ಒಂದು ದಾರಿಯೂ ಇದೇ: ಕಾವ್ಯದ ಆರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸಿರುತ್ತಾರಲ್ಲ, ಅವರಲ್ಲಿ ಎಲ್ಲರಿಗಿಂತ ಈಚಿನವನು ಯಾರೆಂದು ನೋಡುತ್ತಿದ್ದೆವು. ಕಾವ್ಯ ಅವನಿಗಿಂತ ಹಿಂದಿನದಲ್ಲ. ಎಷ್ಟು ಈಚಿನದೆಂಬುದಕ್ಕೆ ಬೇರೆ ಸಾಕ್ಷ್ಯವನ್ನೇ ಹುಡುಕಬೇಕಾಗಿತ್ತು.