ಓದಿನ ಲೆಕ್ಕ, ಮಳೆಯ ಲೆಕ್ಕ

ನಾನು ಮೂರ್ನಾಡಿನಿಂದ ಮಾತಾಡ್ತಾ ಇದ್ದೇನೆ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ, ಹೆಚ್ಚುಕಡಿಮೆ ನಡುವೆ ಸಿಗುವ ಊರು. ವರ್ಷಕ್ಕೆ ಇಷ್ಟು ಪುಸ್ತಕ ಓದ್ತೇನೆ ಅಂತ ನಮಗೆ ನಾವೇ ಒಂದು ಸವಾಲು ಹಾಕಿಕೊಳ್ತೇವಲ್ಲ, ಅದರ ಲೆಕ್ಕ ಇಡೋದು ಹೇಗೆ ಅನ್ನೋದು ಇವತ್ತಿನ ವಿಷಯ.

ಜನವರಿ ಬಂತು ಅಂದ್ರೆ ಫೋನಿನಲ್ಲಿ ಇದೇ ಮಾತು. ಒಬ್ಬರು 12 ಪುಸ್ತಕ ಅಂತಾರೆ, ಇನ್ನೊಬ್ಬರು 24, ಹುಮ್ಮಸ್ಸಿನವರು ವಾರಕ್ಕೊಂದರಂತೆ 52. ಗುಡ್‌ರೀಡ್ಸ್ 2011ರಲ್ಲಿ ವಾರ್ಷಿಕ ಓದಿನ ಸವಾಲು ಶುರು ಮಾಡಿದ ಮೇಲೆ ಇದು ಜಗತ್ತಿನ ತುಂಬ ಹಬ್ಬಿತು. ನೀವು ಒಂದು ಸಂಖ್ಯೆ ಕೊಟ್ಟರೆ ಸಾಕು. ಎಷ್ಟು ಮುಗೀತು, ಎಷ್ಟು ಹಿಂದೆ ಬಿದ್ದಿದ್ದೀರಿ ಅಂತ ಅದೇ ಹೇಳ್ತಾ ಇರುತ್ತೆ.

ನಮ್ಮ ಕಡೆಯ ತೊಂದರೆ ಏನಂದ್ರೆ, ಕೊಡಗಿನಲ್ಲಿ ಜನವರಿ ಓದುವ ತಿಂಗಳೇ ಅಲ್ಲ. ಅರೇಬಿಕಾ ಮುಗೀತಾ ಬಂದಿರುತ್ತೆ, ರೋಬಸ್ಟಾ ಕೊಯ್ಲು ಶುರುವಾಗಿರುತ್ತೆ. ಆಳುಗಳನ್ನು ಹೊಂದಿಸಬೇಕು, ಕಣದಲ್ಲಿ ಕಾಫಿ ಹರವಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ರಾತ್ರಿ ಪುಸ್ತಕ ಹಿಡಿದರೆ ಎರಡನೇ ಪುಟಕ್ಕೇ ನಿದ್ದೆ. ಮಾರ್ಚ್ ಬರುವಷ್ಟರಲ್ಲಿ ಆ್ಯಪ್ ಪ್ರಕಾರ ನಾವು ಐದು ಪುಸ್ತಕ ಸಾಲಗಾರರು!

ಲೆಕ್ಕ ಇಡೋದು ಅಂದ್ರೆ ನಮಗೆ ಹೊಸದಲ್ಲ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಅಂತ ಒಂದು ಇರುತ್ತೆ. ಅಂಗಳದ ಮೂಲೆಯಲ್ಲಿ ಮಳೆಮಾಪಕ. ಬೆಳಗ್ಗೆ ಎದ್ದು ನೀರು ಅಳೆದು, ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡೋದು. ನೂರು ಸೆಂಟ್ ಅಂದ್ರೆ ಒಂದು ಇಂಚು. ಮಳೆಗಾಲದಲ್ಲಿ ಇಬ್ಬರು ಸಿಕ್ಕರೆ ಮೊದಲು ಕೇಳೋದೇ, ‘ನಿಮ್ಮಲ್ಲಿ ಎಷ್ಟಾಯ್ತು?’ ನಮ್ಮ ಅಪ್ಪ ನಲವತ್ತು ವರ್ಷದಿಂದ ಇದನ್ನ ಬರೀತಾ ಬಂದವರು.

ಈ ಮಳೆ ಪುಸ್ತಕದಲ್ಲಿ ಎರಡು ವಿಶೇಷ ಉಂಟು. ಒಂದು, ಅದರಲ್ಲಿ ಗುರಿ ಅಂತ ಇಲ್ಲ. ಈ ವರ್ಷ ನೂರಿಪ್ಪತ್ತು ಇಂಚು ಬರಲೇಬೇಕು ಅಂತ ಯಾರೂ ಬರೆಯೋದಿಲ್ಲ. ಬಂದದ್ದನ್ನ ಬರೀತಾರೆ, ಬಾರದ ದಿನ ಒಂದು ಅಡ್ಡಗೆರೆ. ಎರಡನೆಯದು, ಒಟ್ಟು ಮೊತ್ತಕ್ಕಿಂತ ತಾರೀಕೇ ಮುಖ್ಯ. ಮಾರ್ಚ್‌ನಲ್ಲಿ ಬರುವ ಒಂದು ಇಂಚು ಹೂಮಳೆಗೆ ಕಾಫಿ ಗಿಡ ಬೆಳ್ಳಗೆ ಅರಳುತ್ತೆ, ಮುಂದಿನ ಫಸಲು ನಿಲ್ಲೋದು ಅದರ ಮೇಲೆ. ಜುಲೈನಲ್ಲಿ ಮೂವತ್ತು ಇಂಚು ಸುರಿದರೂ ಆ ಒಂದು ಇಂಚಿನ ಕೆಲಸ ಆಗೋದಿಲ್ಲ. ಕಣದಲ್ಲಿ ಕಾಫಿ ಒಣಗುವಾಗ ಅದೇ ಒಂದು ಇಂಚು ಬಿದ್ದರೆ ನಷ್ಟ. ವರ್ಷದ ಮೊತ್ತ ಒಂದನ್ನೇ ನೋಡಿದರೆ ಇದು ಯಾವುದೂ ಗೊತ್ತಾಗೋದಿಲ್ಲ.

2016ರಲ್ಲಿ ನಾನು ಓದಿನ ಪುಸ್ತಕವನ್ನೂ ಇದೇ ಥರ ಬರೆಯೋಕೆ ಶುರು ಮಾಡಿದೆ. ಇನ್ನೂರು ಪುಟದ ನೋಟ್‌ಬುಕ್ಕು, ಐದು ಅಂಕಣ. ಶುರುವಾದ ತಾರೀಕು, ಮುಗಿದ ತಾರೀಕು, ಪುಸ್ತಕದ ಹೆಸರು, ಎಲ್ಲಿಂದ ಬಂತು, ಮತ್ತು ಒಂದೇ ಒಂದು ವಾಕ್ಯ. ಕ್ರಮಸಂಖ್ಯೆ ಹಾಕೋದಿಲ್ಲ. ಬೇಕಾದರೆ ವರ್ಷದ ಕೊನೆಗೆ ಎಣಿಸಿದರೆ ಆಯ್ತು.

ಕ್ರಮಸಂಖ್ಯೆ ಯಾಕೆ ಬೇಡ? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಸಂಖ್ಯೆಯಲ್ಲಿ ಒಂದು. ಅರವತ್ತು ಪುಟದ ನಾಟಕವೂ ಒಂದು. ಡಿಸೆಂಬರ್ ಹತ್ತಿರ ಬಂದು, ಇನ್ನೂ ನಾಲ್ಕು ಬಾಕಿ ಅಂದಾಗ ಕೈ ಯಾವ ಕಡೆ ಹೋಗುತ್ತೆ ಅಂತ ನಿಮಗೂ ಗೊತ್ತು. ದಪ್ಪ ಪುಸ್ತಕ ಕಪಾಟಿನಲ್ಲೇ ಉಳಿಯುತ್ತೆ.

ಕೊಡಗಿನ ಗೌರಮ್ಮನವರನ್ನ ತಗೊಳ್ಳಿ. 1912ರಲ್ಲಿ ಹುಟ್ಟಿ, 1939ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೇ ನೀರಿನಲ್ಲಿ ಮುಳುಗಿ ತೀರಿಕೊಂಡವರು. ‘ಕಂಬನಿ’, ‘ಚಿಗುರು’ ಅಂತ ಎರಡೇ ಕಥಾಸಂಕಲನ. ಸವಾಲಿನ ಲೆಕ್ಕದಲ್ಲಿ ಒಂದು ಶನಿವಾರ–ಭಾನುವಾರದಲ್ಲಿ ಎರಡು ಅಂಕ. ನನ್ನ ನೋಟ್‌ಬುಕ್ಕಿನಲ್ಲಿ ಆ ಎರಡು ಪುಸ್ತಕಕ್ಕೆ ಆರು ವಾರ ಹಿಡಿದಿದೆ. ರಾತ್ರಿಗೆ ಒಂದೇ ಕಥೆ, ಕೆಲವು ರಾತ್ರಿ ಹಿಂದಿನ ದಿನದ್ದನ್ನೇ ಇನ್ನೊಮ್ಮೆ. ಆರು ವಾರ ಯಾಕೆ ಹಿಡೀತು ಅನ್ನೋದು ತಾರೀಕು ನೋಡಿದರೆ ಈಗಲೂ ನೆನಪಾಗುತ್ತೆ.

ಇನ್ನೊಂದು ಮಾತು. ನಮ್ಮ ಮೂರ್ನಾಡಿಗೆ ಹತ್ತಿರದ ಕಿರುಂದಾಡಿನವರು ಹರದಾಸ ಅಪ್ಪಚ್ಚ ಕವಿ. ಕೊಡವ ತಕ್ಕ್‌ನಲ್ಲಿ, ಕನ್ನಡ ಲಿಪಿಯಲ್ಲಿ ನಾಟಕ ಬರೆದವರು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಹಾಡು, ಪದ್ಧತಿಗಳನ್ನ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದರು. ಇಂಥ ಹಳೇ ಪುಸ್ತಕವನ್ನ, ಅದೂ ಮನೆಯಲ್ಲಿರುವ ಹಳೇ ಪ್ರತಿಯನ್ನ, ಆ್ಯಪ್‌ನಲ್ಲಿ ಹುಡುಕಿ ಸೇರಿಸೋದು ಕಷ್ಟದ ಕೆಲಸ. ನೋಟ್‌ಬುಕ್ಕಿನಲ್ಲಿ ಬರೆದರೆ ಮುಗೀತು.

ಈಗ ಅಪ್ಪನ ವಿಷಯ. ಅವರಿಗೆ ಎಪ್ಪತ್ತೆಂಟು. ಮೂರು ವರ್ಷದ ಹಿಂದೆ ಗ್ಲಾಕೋಮಾ ಅಂತ ಗೊತ್ತಾಯ್ತು. ಔಷಧಿ ಹಾಕ್ತಾ ಇದ್ದರೆ ಇರುವ ದೃಷ್ಟಿ ಉಳಿಸಿಕೊಳ್ಳೋಕೆ ನೋಡಬಹುದು, ಹೋದದ್ದು ಬರೋದಿಲ್ಲ. ಮೊದಲು ಮಳೆಮಾಪಕದ ಗೆರೆ ಕಾಣದಾಯ್ತು, ಆಮೇಲೆ ಪುಸ್ತಕದ ಸಾಲು. ಆವಾಗಿನಿಂದ ರಾತ್ರಿ ಊಟ ಆದ ಮೇಲೆ ನಾನು ಗಟ್ಟಿಯಾಗಿ ಓದ್ತೇನೆ, ಅವರು ಕೇಳ್ತಾರೆ. ಕರೆಂಟ್ ಹೋದರೆ ಬ್ಯಾಟರಿ ದೀಪ. ಹಂಚಿನ ಮೇಲೆ ಮಳೆ ಜೋರಾದರೆ ನನ್ನ ದನಿ ಅವರಿಗೆ ಕೇಳಿಸೋದಿಲ್ಲ. ಆಗ ಸುಮ್ಮನೆ ಕೂತುಕೊಳ್ತೇವೆ.

ಮೊದಲನೇ ಪುಸ್ತಕ ಮುಗಿದ ರಾತ್ರಿ ಅವರನ್ನ ಕೇಳಿದೆ, ‘ಅಪ್ಪ, ಇದನ್ನ ಯಾರ ಲೆಕ್ಕಕ್ಕೆ ಬರೆಯೋದು?’ ಅವರು ಹೇಳಿದ್ದು: ‘ಬೇಲಿಯ ಆಚೆಗೂ ಈಚೆಗೂ ಬಿದ್ದದ್ದು ಒಂದೇ ಮಳೆ. ಎರಡೂ ತೋಟದವರು ಬರ್ಕೊಳ್ಳೋದಿಲ್ವಾ? ನಿನ್ನದೂ ಬರಿ, ನನ್ನದೂ ಬರಿ.’ ಹಾಗೆ ಆರನೇ ಅಂಕಣ ಬಂತು. ಯಾರು ಓದಿದ್ದು, ಯಾರು ಕೇಳಿದ್ದು. ಕೇಳೋದು ಓದು ಹೌದೋ ಅಲ್ವೋ ಅಂತ ಆಡಿಯೊ ಪುಸ್ತಕದ ಬಗ್ಗೆ ಎಲ್ಲ ಕಡೆ ಚರ್ಚೆ ನಡೆಯುತ್ತೆ. ನಮ್ಮ ಮನೆಯಲ್ಲಿ ಆ ಚರ್ಚೆ ಅಲ್ಲಿಗೇ ಮುಗೀತು.

ಹೋದ ವರ್ಷ ಅಪ್ಪ ಆರಿಸಿದ್ದು ಆರು ಪುಸ್ತಕ. ಹೊಸದು ಒಂದೂ ಇಲ್ಲ, ಎಲ್ಲವೂ ಅವರು ಹಿಂದೆ ಓದಿದ್ದೇ. ಅದರಲ್ಲಿ ಎರಡು ನಮ್ಮ ಕೊಡಗಿನ ಭಾರತೀಸುತರದು, ‘ಎಡಕಲ್ಲು ಗುಡ್ಡದ ಮೇಲೆ’ ಮತ್ತು ‘ಹುಲಿಯ ಹಾಲಿನ ಮೇವು’. ಎರಡೂ ಸಿನಿಮಾ ಆದ ಕಾದಂಬರಿಗಳು. ಹೊಸದು ಏನಾದ್ರೂ ಓದಲಾ ಅಂದ್ರೆ, ‘ಹೊಸದು ನೀನು ಓದು, ನನಗೆ ಇದು ಇನ್ನೊಂದು ಸಲ ಬೇಕು’ ಅಂತಾರೆ. ಮುಂದಿನ ವರ್ಷಕ್ಕೆ ಯಾವುದು ಅಂತ ಅವರ ಹತ್ತಿರ ಪಟ್ಟಿ ಉಂಟು, ಬಾಯಲ್ಲೇ. ಅದರಲ್ಲಿ ಎಷ್ಟು ಆಗುತ್ತೆ ಅಂತ ನಾವಿಬ್ಬರೂ ಕೇಳೋದಿಲ್ಲ.

ಇಷ್ಟು ವರ್ಷದ ನೋಟ್‌ಬುಕ್ಕು ತಿರುಗಿಸಿ ನೋಡಿದರೆ ಕೆಲವು ಸಂಗತಿ ಸ್ಪಷ್ಟ ಕಾಣುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಲುಗಳು ಒತ್ತೊತ್ತಾಗಿವೆ, ಕಕ್ಕಡ ತಿಂಗಳಲ್ಲಂತೂ ಇನ್ನೂ ಹೆಚ್ಚು. ಜನವರಿಯಿಂದ ಮಾರ್ಚ್‌ವರೆಗೆ ಅಡ್ಡಗೆರೆ. ಅದಕ್ಕೇ ನನ್ನ ಓದಿನ ವರ್ಷವನ್ನ ಎಡಮ್ಯಾರ್ ತಿಂಗಳ ಮೊದಲ ದಿನಕ್ಕೆ ಬದಲಾಯಿಸಿದೆ, ಏಪ್ರಿಲ್ 14ರ ಸುಮಾರಿಗೆ. ಕೊಡವರ ಹೊಸ ವರ್ಷವೂ ಅದೇ. ಕೊಯ್ಲು ಮುಗಿದಿರುತ್ತೆ, ಮಳೆಗಾಲ ಮುಂದಿರುತ್ತೆ. 2018ರ ಆಗಸ್ಟ್ ಪುಟದಲ್ಲಿ ಒಂದು ಹೆಸರೂ ಇಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದ ದಿನಗಳು ಅವು. ಆ ಖಾಲಿ ಪುಟವನ್ನ ಯಾವ ಪುಸ್ತಕದಿಂದಲೂ ತುಂಬಿಸಬೇಕು ಅಂತ ನನಗೆ ಅನಿಸಿಲ್ಲ.

ಅಮೆರಿಕದ ಗಾಯಕ ಆರ್ಟ್ ಗಾರ್ಫಂಕಲ್ 1968ರಿಂದ ತಾನು ಓದಿದ ಪುಸ್ತಕಗಳ ಪಟ್ಟಿ ಇಟ್ಟಿದ್ದಾರೆ, ತಿಂಗಳು, ವರ್ಷ ಸಮೇತ. ಸಾವಿರಕ್ಕೂ ಮೀರಿದೆ. ಆ ಪಟ್ಟಿ ಓದಿದರೆ ಒಬ್ಬ ಮನುಷ್ಯ ಯಾವ ವಯಸ್ಸಿನಲ್ಲಿ ಏನನ್ನ ಹುಡುಕ್ತಾ ಇದ್ದ ಅಂತ ಕಾಣುತ್ತೆ. ಸಾವಿರ ಅನ್ನೋ ಸಂಖ್ಯೆ ಮಾತ್ರ ಇದ್ದಿದ್ದರೆ ಕಾಣ್ತಾ ಇರಲಿಲ್ಲ.

ನೀವು ಜನವರಿಯಲ್ಲಿ 24 ಅಂತ ಹಾಕಿಕೊಂಡಿದ್ದರೆ ಬಿಡಬೇಕಾಗಿಲ್ಲ, ಅದು ಇರಲಿ. ಪಕ್ಕದಲ್ಲಿ ತಾರೀಕು ಬರೆಯಿರಿ. ಯಾರು ಕೊಟ್ಟ ಪುಸ್ತಕ, ಯಾರಿಗೆ ಓದಿ ಹೇಳಿದಿರಿ ಅಂತ ಬರೆಯಿರಿ. ನಿಮ್ಮ ಕೆಲಸದಲ್ಲಿ ಕೊಯ್ಲಿನ ತಿಂಗಳು ಯಾವುದು, ಮೇಷ್ಟ್ರಿಗೆ ಪರೀಕ್ಷೆ ಇರಬಹುದು, ಲೆಕ್ಕಪತ್ರದವರಿಗೆ ಮಾರ್ಚ್ ಇರಬಹುದು, ಅದನ್ನ ನೋಡಿ ನಿಮ್ಮ ಓದಿನ ವರ್ಷ ಎಲ್ಲಿಂದ ಶುರು ಅಂತ ನೀವೇ ತೀರ್ಮಾನ ಮಾಡಿ. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ, ಯಾವ ಪುಸ್ತಕ ಇನ್ನೊಂದು ಸಲ ಬೇಕು ಅಂತ ಒಮ್ಮೆ ಕೇಳಿ ನೋಡಿ.