ಅಂಗೈ ಮೇಲಾಗಿ ನಿಂತ ಕೈ



ಉಳಿತಾಯದ ಲೆಕ್ಕ ಆಮೇಲೆ ನೋಡೋಣ, ಮೊದಲು ಮಕ್ಕಳ ಕೈ ವಿಷಯ ಮಾತಾಡೋಣ.

ಹೆರಿಗೆಯಲ್ಲಿ ತಲೆ ಹೊರಬಂದು ಭುಜ ಸಿಕ್ಕಿಕೊಂಡರೆ, ಕುತ್ತಿಗೆಯಿಂದ ಕೈಗೆ ಹೋಗುವ ನರಗಳು ಎಳೆದುಹೋಗಬಹುದು. ಕೂಸು ದಪ್ಪ ಇದ್ದರೆ, ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಜಾಸ್ತಿ. ಗ್ರಹಣದಾಗ ಹೊರಗೆ ಬಂದಳು ಅಂತ ಸೊಸೆಯನ್ನು ಬೈಯೋರಿಗೆ ಇದನ್ನು ಹೇಳ್ರಿ. ಹೆಚ್ಚಿನ ಕೂಸುಗಳ ಕೈ ಕೆಲವು ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ. ಆದರೆ 3 ತಿಂಗಳಾದರೂ ಮೊಣಕೈ ಮಡಚದಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬಾರದು. ನರದ ಆಪರೇಷನ್ ಬೇಕೋ ಬೇಡವೋ ಎಂದು ತಜ್ಞರು ನೋಡುವ ಕಾಲವೇ ಅದು.

ಕೆಲವು ಮಕ್ಕಳಿಗೆ ಮೊಣಕೈ ಮಡಚುವ ಶಕ್ತಿ ಬರುತ್ತದೆ, ಅಂಗೈ ಮಾತ್ರ ಮೇಲಾಗಿಯೇ ನಿಲ್ಲುತ್ತದೆ. ತೋಳಿನ ಮುಂದಿನ ದಪ್ಪ ಸ್ನಾಯು ಅಂಗೈಯನ್ನು ಮೇಲಕ್ಕೆ ತಿರುಗಿಸುತ್ತದೆ. ಕೆಳಕ್ಕೆ ತಿರುಗಿಸುವ ಸ್ನಾಯು ಸೋತಿದ್ದರೆ, ಹಗ್ಗ ಜಗ್ಗಾಟದಾಗ ಒಂದೇ ಕಡೆ ಜನ ಇದ್ದಂಗೆ. ಬರೆಯಲು, ನೆಲದ ಮೇಲಿನದನ್ನು ಎತ್ತಲು, ರೊಟ್ಟಿ ಬಡಿಯಲು ಅಂಗೈ ಕೆಳಗೆ ಬರಬೇಕಲ್ಲ! ಬೇಡುವ ಕೈ ಅಂತ ಮಂದಿ ಅಂತಾರೆ. ಮಗುವಿನ ಎದುರು ಆ ಮಾತು ಬ್ಯಾಡ.

ನಾವು ಮೆಲ್ಲಗೆ ಹಿಡಿದು ತಿರುಗಿಸಿದರೆ ಅಂಗೈ ಕೆಳಗಾಗುತ್ತದೆಯೇ? ಆಗುವುದಾದರೆ ಆ ದಪ್ಪ ಸ್ನಾಯುವಿನ ಸ್ನಾಯುರಜ್ಜುವನ್ನು ಮೂಳೆಯ ಸುತ್ತ ಬೇರೆ ದಾರಿಯಲ್ಲಿ ಹಾಯಿಸುತ್ತಾರೆ. ಆಗ ಅದೇ ಸ್ನಾಯು ಅಂಗೈಯನ್ನು ಕೆಳಕ್ಕೆ ತಿರುಗಿಸುತ್ತದೆ. ಅರ್ಜೆಂಟೀನಾದ ಡಾ. ಜಾನ್ಕೊಲ್ಲಿ 1967ರಲ್ಲೇ ಈ ಬಗ್ಗೆ ಬರೆದಿದ್ದರು. ಕೈ ಬಿಗಿದುಕೊಂಡಿದ್ದರೆ ಬಲವಂತ ಮಾಡಬೇಡಿ. ಅಂಥವರಿಗೆ ಮುಂಗೈ ಮೂಳೆ ಕತ್ತರಿಸಿ, ತಿರುಗಿಸಿ, ಪ್ಲೇಟು ಅಥವಾ ತಂತಿಯಿಂದ ಕೂಡಿಸಿ, ಮೂಳೆ ಕೂಡುವ ತನಕ ಕೆಲವು ವಾರ ಪಟ್ಟಿ ಹಾಕುತ್ತಾರೆ. ಪೂರ್ತಿ ಕವುಚುವುದಿಲ್ಲ, ಸ್ವಲ್ಪ ಮಾತ್ರ. ಅತಿಯಾಗಿ ತಿರುಗಿಸಿದರೆ ತುತ್ತು ಬಾಯಿಗೆ ಹೋಗುವುದು ಕಷ್ಟ.

ಆಪರೇಷನ್ನಿನಿಂದ ಸತ್ತ ನರಕ್ಕೆ ಜೀವ ಬರುವುದಿಲ್ಲ, ಕೈ ಕೆಲಸಕ್ಕೆ ಅನುಕೂಲವಾಗಿ ನಿಲ್ಲುತ್ತದೆ, ಅಷ್ಟೇ. ಬೆಳೆಯುವ ಮಕ್ಕಳಲ್ಲಿ ಮತ್ತೆ ತಿರುಗುವುದೂ ಉಂಟು. ಇದನ್ನು ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಅಂಗನವಾಡಿ, ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ, 2013ರಿಂದ ನಡೆದಿರುವ ಕಾರ್ಯಕ್ರಮ ಇದು. ಮಗುವನ್ನು ಒಳಗೆ ಬಚ್ಚಿಡದೆ ಅವರಿಗೆ ತೋರಿಸಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡಿನಲ್ಲಿ ಈ ಚಿಕಿತ್ಸೆ ಸೇರುತ್ತದೆಯೇ ಎಂದು ಅಲ್ಲೇ ವಿಚಾರಿಸಿ. ತಪ್ಪಿದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಅಂಥ ಮನೆಗೆ ಸಂಘದಿಂದ ಸಾಲ ಕೊಡುವಾಗ ಪಟ್ಟಿ ಬಿಚ್ಚುವ ತನಕ ಕಂತು ಕೇಳಬಾರದು ಎಂಬುದು ನಮ್ಮ ಸಲಹೆ. ಈ ವಾರದ ಸಭೆಯಲ್ಲಿ ಚರ್ಚಿಸಿ, ಠರಾವು ಪುಸ್ತಕದಲ್ಲಿ ಬರೆಯಿರಿ.