ಹೊಳೆಯೋ ಮುಖ ನೋಡಿ ಹಳೇ ವಾಚ್ ತಗೋಬೇಡಿ

ನಾನು ಭಾಷಣಗಾರ ಅಲ್ಲ. ಐಟಿಐ ಮುಗಿಸಿ ಕುವೈತಿಗೆ ಬಂದ ಎಲೆಕ್ಟ್ರಿಷಿಯನ್. ಹಳೇ ವಾಚ್ ಕೊಂಡು ಒಂದು ಸಲ ಮೋಸ ಹೋದೆ. ನೀವು ಹೋಗಬಾರದು ಅಂತ ಎರಡು ಮಾತು.

ನಮ್ಮಪ್ಪನ ಹತ್ತಿರ ಒಂದು ಎಚ್‌ಎಂಟಿ ಜನತಾ ಇತ್ತು. ಮದುವೆಯಲ್ಲಿ ಮಾವನವರು ಕೊಟ್ಟದ್ದು. ನನ್ನ ವೀಸಾಕ್ಕೆ ದುಡ್ಡು ಸಾಲದೆ ಬಂದಾಗ ಅದನ್ನೂ ಮಾರಿದರು. ಸಿಕ್ಕಿದ್ದು ಪುಡಿಗಾಸು. ಅಪ್ಪ ಏನೂ ಅನ್ನಲಿಲ್ಲ, ಆದರೆ ಟೈಮ್ ನೋಡೋಕೆ ಬರಿಗೈ ಎತ್ತೋದು ಬಿಡಲಿಲ್ಲ. ಅದು ನನ್ನನ್ನು ಕೊರೀತಾ ಇತ್ತು.

ಎಚ್‌ಎಂಟಿ ಅಂದ್ರೆ ನಮ್ಮ ಬೆಂಗಳೂರಿನದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ವಾಚ್ ಕಾರ್ಖಾನೆ ಶುರುವಾಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಹಳೇ ವಾಚಿಗೆ ಗಿರಾಕಿ ಇದ್ದಲ್ಲಿ ಬಣ್ಣ ಬಳಿಯೋರೂ ಇರ್ತಾರೆ.

ಇಲ್ಲಿಯ ಶುಕ್ರವಾರದ ಸಂತೆಯಲ್ಲಿ ನೀಲಿ ಡಯಲಿನ ಜನತಾ ಕಂಡಿತು. ಫಳಫಳ ಹೊಳೀತಿತ್ತು. ತಗೊಂಡೆ, ರಜೆಗೆ ಹೋದಾಗ ಅಪ್ಪನ ಕೈಗೆ ಕಟ್ಟಿದೆ. ಅವರು ಕನ್ನಡಕ ಹಾಕ್ಕೊಂಡು ನೋಡಿ, "ಚೆನ್ನಾಗಿದೆ ಕಣಪ್ಪ. ಆದ್ರೆ ಇದರ ಮುಖ ಬೇರೆ" ಅಂದರು. ರಿಪೇರಿಯವರು ಬಿಚ್ಚಿದರೆ ಡಯಲಿಗೆ ಹೊಸ ಬಣ್ಣ, ಮುಳ್ಳುಗಳು ಇನ್ಯಾವುದೋ ವಾಚಿನವು, ಒಳಗೆ ತುಕ್ಕು. ಅವರು ಕಲಿಸಿಕೊಟ್ಟದ್ದು ಇದು.

ಮೊದಲು ಭೂತಗನ್ನಡಿ ಹಿಡಿದು ಡಯಲ್ ನೋಡಿ. ಕಾರ್ಖಾನೆಯ ಅಕ್ಷರ ತೆಳು, ಅಂಚು ಚೊಕ್ಕ. ಮರುಬಣ್ಣದ್ದು ದಪ್ಪ, ಅಂಚು ಹರಡಿರುತ್ತೆ, ನಿಮಿಷದ ಗೆರೆ ಗಂಟೆಯ ಗುರುತಿಗೆ ಸರಿಯಾಗಿ ಕೂರಲ್ಲ. ಕೇಸ್ ತುಂಬ ಗೀರು ಇದ್ದು ಡಯಲ್ ಮಾತ್ರ ಹೊಚ್ಚ ಹೊಸದಾಗಿದ್ದರೆ ಅನುಮಾನ ಪಡಿ.

ಎರಡನೇದು ಮುಳ್ಳು. ದೊಡ್ಡ ಮುಳ್ಳು ನಿಮಿಷದ ಗೆರೆ ಮುಟ್ಟಬೇಕು. ತೀರಾ ಗಿಡ್ಡ ಇದ್ದರೆ ಅದು ಬೇರೆ ವಾಚಿನದು ಇರಬಹುದು.

ಮೂರನೇದು, ಹಿಂದಿನ ಮುಚ್ಚಳ ತೆಗೆಸಿ. ಪ್ಯಾನಲ್ ತೆಗೆಯದೆ ವೈರಿಂಗ್ ಸರಿ ಇದೆ ಅಂತ ನಾವು ಸಹಿ ಹಾಕ್ತೀವಾ? ಕೀ ಕೊಡೋ ತಿರುಪಿನ ಪಕ್ಕದಲ್ಲೇ ತುಕ್ಕು ಹುಡುಕಿ, ನೀರು ಹೆಚ್ಚಾಗಿ ಅಲ್ಲಿಂದಲೇ ಇಳಿಯೋದು. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಒರಟು ಕೈ ಆಡಿದೆ ಅಂತ ಅರ್ಥ.

ಕೊನೇದು, ಪೂರ್ತಿ ಕೀ ಕೊಟ್ಟು ಒಂದು ದಿನ ಫೋನಿನ ಟೈಮ್ ಜೊತೆ ಹೋಲಿಸಿ. ತುಂಬಾ ಮುಂದೆ ಓಡಿದರೆ ಒಳಗಿನ ಕೂದಲೆಳೆ ಸ್ಪ್ರಿಂಗ್‌ಗೆ ಅಯಸ್ಕಾಂತ ಹಿಡಿದಿರಬಹುದು. ಅದನ್ನು ರಿಪೇರಿಯವರು ಸುಲಭವಾಗಿ ತೆಗೀತಾರೆ. ಅದಕ್ಕೇ ಬೇಡ ಅನ್ನಬೇಡಿ. ತುಕ್ಕಿಗೆ ಬೇಡ ಅನ್ನಿ.

ಗಾಜು, ಬೆಲ್ಟ್, ತಿರುಪು ಬದಲಾಗಿದ್ದರೆ ತಪ್ಪಲ್ಲ. ಬಲ್ಬ್ ಬದಲಾದ ಮಾತ್ರಕ್ಕೆ ಮನೆ ಬದಲಾಗಲ್ಲ. ಬದಲಾಗಿದ್ದನ್ನು ಮಾರೋನು ತಾನಾಗಿ ಹೇಳ್ತಾನಾ, ಅಷ್ಟು ನೋಡಿ.

ಹೋದ ರಜೆಯಲ್ಲಿ ಇನ್ನೊಂದು ಜನತಾ ತಗೊಂಡೆ. ಡಯಲ್ ಹಳದಿಗೆ ತಿರುಗಿದೆ, ಕೇಸಲ್ಲಿ ಗೀರಿದೆ. ಗಾಜು ಹೊಸದು ಅಂತ ಮಾರಿದವರೇ ಹೇಳಿದರು. ಅಪ್ಪ ಕಿವಿಗೆ ಹಿಡಿದು ಕೇಳಿದರು, ಮುಖದ ಬಗ್ಗೆ ಏನೂ ಅನ್ನಲಿಲ್ಲ. ಈಗ ನಾನು ಫೋನ್ ಮಾಡಿದಾಗೆಲ್ಲ, "ಬೆಳಿಗ್ಗೆ ಕೀ ಕೊಟ್ಟೆ ಕಣಪ್ಪ" ಅಂತಾರೆ.